ಮುಖ ಮಸುಕು ಮಾಡಿದ ರೆಫರಿ

ಈ ಸಲದ ಫೈನಲ್ ಪಂದ್ಯಕ್ಕೆ ಅಪ್ಪನೇ ರೆಫರಿ ಆಗುತ್ತಾರೆ ಎಂದು ನಮ್ಮ ಮನೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ನಂಬಿದ್ದವಳು ಅಮ್ಮ. ಆಶ್ಚರ್ಯದ ಮಾತೇ. ಏಕೆಂದರೆ ಅಮ್ಮನಿಗೆ ಫುಟ್‌ಬಾಲ್ ಎಂದರೆ ಅಷ್ಟಕ್ಕಷ್ಟೆ. ಮದುವೆಯಾದ ಹೊಸದರಲ್ಲಿ ಒಂದೇ ಒಂದು ಸಲ ಮೈದಾನಕ್ಕೆ ಹೋಗಿದ್ದಳಂತೆ. ಗ್ಯಾಲರಿಯಲ್ಲಿ ಕೂತವರು ರೆಫರಿಯ ತಾಯಿಯಿಂದ ಹಿಡಿದು ಹೆಂಡತಿಯವರೆಗೆ ಮನೆಮಂದಿಯನ್ನೆಲ್ಲ ಸ್ಮರಿಸಿದ್ದನ್ನು ಕೇಳಿ ಅರ್ಧಕ್ಕೇ ಎದ್ದು ಬಂದಳು. ಆಮೇಲೆ ಆ ದಿಕ್ಕಿಗೆ ತಲೆ ಹಾಕಿಯೂ ಮಲಗಲಿಲ್ಲ. ನನಗೂ ಅದೇ ಬುದ್ಧಿ ಬಂದಿದೆ. ಅಪ್ಪ ಆಡಿಸುವ ಪಂದ್ಯಗಳಿಗೆ ನಾನು ಹೋಗುವುದಿಲ್ಲ. ಬೈಗುಳ ಕೇಳಿ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ.

ಆದರೆ ಈ ಸಲದ ಮಾತೇ ಬೇರೆ. ಊರಿನ ಫುಟ್‌ಬಾಲ್ ಸಂಘದ ನಿಯಮದ ಪ್ರಕಾರ ಅಪ್ಪನ ವಯಸ್ಸಿಗೆ ಇದೇ ಕೊನೆಯ ಹಂಗಾಮು. ಇಷ್ಟು ವರ್ಷ ಸೀಟಿ ಊದಿದರೂ ಫೈನಲ್ ಮಾತ್ರ ಅವರ ಪಾಲಿಗೆ ಬಂದಿರಲಿಲ್ಲ. ಒಂದು ವರ್ಷ ಜ್ವರ ಬಂತು, ಇನ್ನೊಂದು ವರ್ಷ ಹಿಂದಿನ ಅಧ್ಯಕ್ಷರ ಭಾವಮೈದ ಬಂದ. ಪ್ರತಿ ಸಲವೂ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಈ ಸಲ ಯಾರು ಬಾಯಿ ತೆರೆದರೂ 'ಮೇಷ್ಟ್ರಿಗೇ ಕೊಡ್ಬೇಕು' ಅನ್ನುತ್ತಿದ್ದರು. ಅಮ್ಮ ಅದನ್ನು ಕೇಳಿಸಿಕೊಂಡು, ತಾನೂ ಫೈನಲ್ ನೋಡಲು ಬರುತ್ತೇನೆ ಎಂದುಬಿಟ್ಟಳು. ಚಿಕ್ಕಮ್ಮನಿಗೆ ಹೇಳಿದಳು, ಪಕ್ಕದ ಮನೆಯವರಿಗೆ ಹೇಳಿದಳು, ಮೆಟ್ಟಿಲು ತೊಳೆಯಲು ಬರುವವಳಿಗೂ ಹೇಳಿದಳು. 'ಯಾರಾದ್ರೂ ಬೈದ್ರೆ?' ಎಂದು ನಾನು ಛೇಡಿಸಿದೆ. 'ಬೈಲಿ ಬಿಡು, ಈ ವಯಸ್ಸಲ್ಲಿ ನನ್ನ ನೆನಪಿಸ್ಕೊಳ್ಳೋರು ಯಾರಿದಾರೆ?' ಅಂದಳು.

ಅಪ್ಪ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುತ್ತಾರೆ. ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲ ಬುಡದಲ್ಲಿರುವ ಇನ್ನೊಂದು ಬ್ರೇಕಿನ ಮೇಲೆ ಪಾದ ಇಟ್ಟು, ಬಾಯಲ್ಲಿ 'ನಿಧಾನ, ನಿಧಾನ' ಅನ್ನುವ ಕೆಲಸ. ಅವರ ಕೈಯಲ್ಲಿ ಕಲಿತವರು ಎಲ್ಲ ಕಡೆ ಇರುವುದರಿಂದ ಮೈದಾನದಲ್ಲೂ ಅವರು ಮೇಷ್ಟ್ರೇ. ಸಂಘದ ದೊಡ್ಡ ಮೈದಾನದ ಪಂದ್ಯಗಳನ್ನು ಹೆಚ್ಚಾಗಿ ಅವರಿಗೇ ಕೊಡುತ್ತಾರೆ. ಕ್ಯಾಮೆರಾ ಇರುವುದು ಅಲ್ಲಿ ಮಾತ್ರ. ಆ ಕ್ಯಾಮೆರಾಗಳನ್ನು ನೋಡಿಕೊಳ್ಳುವವರು ನನ್ನ ಗಂಡ. ಆಟಗಾರರೆಲ್ಲ ಅವರನ್ನು ರಿಪ್ಲೇ ಅಂತಲೇ ಕರೆಯುತ್ತಾರೆ. ಮನೆಯಲ್ಲೂ ಒಂದು ಮಾತನ್ನು ಎರಡು ಸಲ ಹೇಳಿಸಿಕೊಳ್ಳದೆ ಏಳುವವರಲ್ಲ, ಹಾಗಾಗಿ ಹೆಸರು ಚೆನ್ನಾಗಿಯೇ ಒಪ್ಪುತ್ತದೆ. ಇನ್ನು ನಾನು ಅದೇ ಸಂಘದ ಕಚೇರಿಯಲ್ಲಿದ್ದೇನೆ. ಮೈದಾನ ಹಂಚುವುದು, ಫೋನ್ ಎತ್ತುವುದು, ಸಭೆ ನಡೆದರೆ ನಡಾವಳಿ ಬರೆಯುವುದು. ಒಟ್ಟಿನಲ್ಲಿ ನಮ್ಮ ಮನೆಯಲ್ಲಿ ಅಮ್ಮನೊಬ್ಬಳನ್ನು ಬಿಟ್ಟು ಎಲ್ಲರ ಅನ್ನವೋ ಹುಚ್ಚೋ ಒಂದೇ ಚೆಂಡಿನ ಸುತ್ತ ಇತ್ತು.

ಆ ಭಾನುವಾರ ಮಧ್ಯಾಹ್ನ ಸಭೆ. ಕಚೇರಿ ಇರುವುದು ಟೈರ್ ಅಂಗಡಿಯ ಮೇಲೆ. ಕಿಟಕಿ ತೆರೆದರೆ ರಬ್ಬರ್ ವಾಸನೆ, ಮುಚ್ಚಿದರೆ ಸೆಕೆ. ಕ್ಲಬ್ಬುಗಳವರು, ಕೋಚ್‌ಗಳು, ರೆಫರಿಗಳು ಎಲ್ಲ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಒತ್ತೊತ್ತಾಗಿ ಕೂತಿದ್ದರು. ಮೊದಲು ನಿಯಮ ಬದಲಾವಣೆಯ ಚರ್ಚೆ, ಅದಾದ ಮೇಲೆ ಫೈನಲ್‌ಗೆ ರೆಫರಿ ಯಾರು ಎನ್ನುವ ತೀರ್ಮಾನ. ಎರಡನ್ನೂ ಆ ಕ್ರಮದಲ್ಲಿ ಬರೆದು ಗೋಡೆಗೆ ಅಂಟಿಸಿದವಳು ನಾನೇ. ಅಪ್ಪ ಎರಡನೇ ಸಾಲಿನ ತುದಿಯಲ್ಲಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮದುವೆ ಮನೆಗೆ ಬಂದ ಬೀಗರ ಹಾಗೆ ಕೂತಿದ್ದರು.

ಬದಲಾವಣೆ ಇಷ್ಟೇ. ರೆಫರಿ ಕೊಟ್ಟ ತೀರ್ಪು ತಪ್ಪು ಅನ್ನಿಸಿದರೆ ಪ್ರತಿ ತಂಡದ ಕೋಚ್ ಪಂದ್ಯಕ್ಕೊಮ್ಮೆ ಕೈ ಎತ್ತಿ ವಿಡಿಯೊ ನೋಡಿ ಎಂದು ಕೇಳಬಹುದು. ರೆಫರಿ ಗೆರೆಯ ಹೊರಗಿಟ್ಟ ಟಿವಿಯ ಮುಂದೆ ನಿಂತು, ತಾನೇ ನೋಡಿ, ತಾನೇ ತೀರ್ಮಾನ ಮಾಡುತ್ತಾನೆ. ಕೋಚ್ ಕೇಳಿದ್ದು ಸರಿಯಾಗಿದ್ದರೆ ಆ ಅವಕಾಶ ಅವನ ಕೈಯಲ್ಲೇ ಉಳಿಯುತ್ತದೆ, ತಪ್ಪಾಗಿದ್ದರೆ ಹೋಗುತ್ತದೆ.

ಮೊದಲು ಎದ್ದವರು ಬೇಕರಿಯವರು. ಅವರದೊಂದು ಕ್ಲಬ್ ಇದೆ. ಬೇಕರಿಯ ಒಲೆಯಷ್ಟೇ ಬಿಸಿ ಅವರ ಬಾಯಿ.

'ಗೋಲ್ ಹೊಡೆದು ಕುಣಿಯೋಕೂ ಇನ್ಮೇಲೆ ಅಪ್ಪಣೆ ಕೇಳ್ಬೇಕೇನ್ರೀ?' ಅಂದರು. 'ಹುಡುಗ ಅಂಗಿ ಬಿಚ್ಚಿ ಓಡ್ತಾನೆ, ಅಷ್ಟರಲ್ಲಿ ಯಾರೋ ಟಿವಿ ನೋಡ್ತಿರ್ತಾರೆ. ಅವನು ಅಂಗಿ ಹಾಕ್ಕೊಳ್ಳೋದೋ ಬೇಡ್ವೋ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸೋತವರೆಲ್ಲ ಟಿವಿ ಹಾಕಿ ಟಿವಿ ಹಾಕಿ ಅಂತಾರೆ ಅಷ್ಟೆ.'

ಎಲ್ಲರೂ ನಕ್ಕರು. ಅಧ್ಯಕ್ಷರು ಹಲ್ಲಿನ ಡಾಕ್ಟರು. ನಗುವವರ ಬಾಯಿ ನೋಡುವುದು ಅವರಿಗೆ ಅಭ್ಯಾಸ. ಅವರೂ ಒಂದು ಸುತ್ತು ನೋಡಿ, 'ಮೇಷ್ಟ್ರೇ, ನೀವೇನಂತೀರಿ?' ಎಂದು ಕೇಳಿದರು.

ಅಪ್ಪ ಕೂತಲ್ಲಿಂದಲೇ ಹೇಳಿದರು: 'ಕಾರಲ್ಲಿ ಕನ್ನಡಿ ಇರುತ್ತೆ. ಹಿಂದೆ ಬರೋ ಗಾಡಿ ಕಾಣಲಿ ಅಂತ. ಕನ್ನಡಿ ನೋಡಿದ ಅಂತ ಯಾವ ಡ್ರೈವರಿಗೂ ಅವಮಾನ ಆಗಿಲ್ಲ. ನಾನು ಓಡ್ತಿರುವಾಗ ನನ್ನ ಬೆನ್ನ ಹಿಂದೆ ಏನಾಯ್ತು ಅಂತ ನನಗೆ ಹೇಗೆ ಗೊತ್ತಾಗ್ಬೇಕು?'

'ಕನ್ನಡಿ ಸರಿ ಮೇಷ್ಟ್ರೇ,' ಅಂದರು ಬೇಕರಿಯವರು. 'ಆದ್ರೆ ಪಕ್ಕದ ಸೀಟಲ್ಲಿ ಕೂತವನಿಗೆಲ್ಲ ಬ್ರೇಕ್ ಕೊಡೋಕಾಗುತ್ತಾ?'

ಅಪ್ಪನ ಕಾಲೆಳೆದದ್ದಕ್ಕೆ ಸಭೆ ಮತ್ತೆ ನಕ್ಕಿತು. ಅಪ್ಪನೂ ನಕ್ಕರು. ವಾದ ಹೀಗೇ ಹಗ್ಗ ಜಗ್ಗಾಟದಲ್ಲಿ ಸಾಗಿತು. ಆಟ ನಿಂತು ನಿಂತು ಹೋಗುತ್ತದೆ ಎಂದು ಒಬ್ಬರು, ಅನ್ಯಾಯದ ಗೋಲಿಗಿಂತ ನಿಂತ ಆಟ ಮೇಲು ಎಂದು ಇನ್ನೊಬ್ಬರು. ಆಫ್‌ಸೈಡಿಗೆ ಕಾಲ್ಬೆರಳ ಉಗುರು ಅಳೆಯುವ ಕಾಲ ಬಂತಲ್ಲಪ್ಪ ಎಂದು ಮೂಲೆಯಿಂದ ಯಾರೋ ಗೊಣಗಿದರು. ಕೊನೆಗೆ ಅಧ್ಯಕ್ಷರು, ಬಾಯಿಮಾತು ಸಾಕು, ರಿಪ್ಲೇ ಏನೋ ತಂದಿದ್ದಾರಂತೆ, ನೋಡಿಯೇ ಬಿಡೋಣ ಅಂದರು. ನನ್ನ ಗಂಡ ಕಿಟಕಿಗಳನ್ನು ಮುಚ್ಚಿ ದೀಪ ಆರಿಸಿದರು. ಗೋಡೆಗೆ ಬಿಳಿ ಬಟ್ಟೆ ಕಟ್ಟಿತ್ತು.

'ಇವೆಲ್ಲ ರೆಫರಿಯ ಕಣ್ಣಿಗೆ ಬೀಳದ ಘಟನೆಗಳು,' ಅಂದರು ಅವರು. 'ಯಾವ ತಂಡ, ಯಾವ ರೆಫರಿ ಅನ್ನೋದು ಮುಖ್ಯ ಅಲ್ಲ. ಅದಕ್ಕೇ ಬಣ್ಣ ತೆಗೆದಿದೀನಿ, ಮುಖ ಮಸುಕು ಮಾಡಿದೀನಿ.'

ಮೊದಲ ದೃಶ್ಯದಲ್ಲಿ ಚೆಂಡು ಆಟಗಾರನ ಕೈಗೆ ತಾಗಿ ಹೋಗುತ್ತದೆ. ರೆಫರಿಯ ಮುಂದೆ ಇನ್ನಿಬ್ಬರು ಅಡ್ಡ ಬಂದಿದ್ದಾರೆ, ಅವನಿಗೆ ಕಾಣುವುದಿಲ್ಲ. ಜನ ಹೌದಲ್ಲ ಎಂದು ತಲೆಯಾಡಿಸಿದರು. ಎರಡನೆಯದರಲ್ಲಿ ರೆಫರಿ ಓಡುತ್ತಿದ್ದಾನೆ. ಎಲ್ಲಿಂದಲೋ ಬಂದ ಚೆಂಡು ಸರಿಯಾಗಿ ಅವನ ಬೆನ್ನಿಗೆ ಬಡಿಯಿತು. ಆತ ಕೈ ಚಾಚಿ, ಏನನ್ನೋ ಹಿಡಿದುಕೊಳ್ಳಲು ನೋಡಿ, ಏನೂ ಸಿಗದೆ ಧೊಪ್ಪನೆ ಕುಂಡೆ ಊರಿ ಕೂತ. ಸೀಟಿ ಬಾಯಲ್ಲೇ ಇತ್ತು. ಬಿದ್ದ ರಭಸಕ್ಕೆ ಅದು ತನ್ನಷ್ಟಕ್ಕೆ ಪೀಂ ಎಂದು ಕೂಗಿಕೊಂಡಿತು. ಆಟಗಾರರೆಲ್ಲ ಫೌಲ್ ಯಾರದು ಎಂದು ಕಕ್ಕಾಬಿಕ್ಕಿಯಾಗಿ ನಿಂತರು. ಅದನ್ನೇ ನನ್ನ ಗಂಡ ಮತ್ತೊಮ್ಮೆ ನಿಧಾನಗತಿಯಲ್ಲಿ ತೋರಿಸಿದರು. ನಿಧಾನದಲ್ಲಿ ಮಸುಕು ಮುಖದ ಆ ಮನುಷ್ಯ ಗಾಳಿಯಲ್ಲಿ ಈಜುತ್ತಾ ಈಜುತ್ತಾ ಕೆಳಗಿಳಿದ.

ಕೋಣೆಗೆ ಕೋಣೆಯೇ ನಕ್ಕಿತು. ನಾನೂ ನಕ್ಕೆ. ನನ್ನ ನಗು ಸಣ್ಣದಲ್ಲ. ಹೊಟ್ಟೆಯಿಂದ ಎದ್ದು ಕೊನೆಗೊಂದು ಕೀರಲು ಎಳೆಯುತ್ತದೆ. ಎಣ್ಣೆ ಕಾಣದ ಬಾಗಿಲು ಎಂದು ಅಮ್ಮ ಅಣಕಿಸುವುದುಂಟು. ಎಲ್ಲರ ನಗು ಇಳಿದ ಮೇಲೂ ನನ್ನದೊಂದು ಕೀರಲು ಉಳಿದುಕೊಂಡಿತ್ತು. ಪೆನ್ನು ಕೆಳಗಿಟ್ಟು ಕಣ್ಣು ಒರೆಸಿಕೊಂಡು ಮತ್ತೆ ನೋಡಿದೆ. ಬಟ್ಟೆಯ ಮೇಲೆ ಆ ರೆಫರಿ ಏಳುತ್ತಿದ್ದ. ಮೊದಲು ಮಗ್ಗುಲಿಗೆ ವಾಲಿ, ಬಲಗಾಲು ಮಡಿಸಿ, ಎರಡೂ ಅಂಗೈಗಳನ್ನು ಬಲಮೊಣಕಾಲಿನ ಮೇಲೆ ಒತ್ತಿ, ಒಂದು ಗಳಿಗೆ ಹಾಗೇ ನಿಂತು, ಆಮೇಲೆ ಸೊಂಟ ನೆಟ್ಟಗೆ ಮಾಡಿಕೊಂಡ.

ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಅಪ್ಪ ಹೀಗೇ ಏಳುತ್ತಾರೆ. 'ಉಸ್ಸಪ್ಪಾ' ಎನ್ನುವುದೊಂದು ಇಲ್ಲಿ ಕೇಳಿಸಲಿಲ್ಲ.

ನಗುತ್ತಿದ್ದ ಬಾಯಿ ಹಾಗೇ ತೆರೆದುಕೊಂಡಿತ್ತು, ಮುಚ್ಚಲು ಬರಲಿಲ್ಲ. ಮುಖಕ್ಕೆ ಕಾದ ನೀರು ಎರಚಿದ ಹಾಗಾಯಿತು. ಕತ್ತಲಲ್ಲಿ ಅಪ್ಪನ ಕಡೆ ನೋಡಿದೆ. ಅವರ ಮುಖ ಅರ್ಧ ಕಾಣುತ್ತಿತ್ತು. ಸಣ್ಣಗೆ ನಗುತ್ತಿದ್ದರು. ಎಲ್ಲರೂ ನಗುವಾಗ ತಾನೊಬ್ಬ ನಗದಿದ್ದರೆ ಸಿಕ್ಕಿಬೀಳುತ್ತೇನೆ ಎಂದು ನಗುತ್ತಿದ್ದಾರೆ ಎಂದುಕೊಂಡೆ. ನನ್ನ ನಗು ಅವರ ಕಿವಿಗೆ ಬಿದ್ದಿರಲೇಬೇಕು. ಹೆತ್ತ ಮಗಳು ಇಡೀ ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕಿದ್ದಾಳೆ.

ಮುಂದಿನ ದೃಶ್ಯದಲ್ಲೂ ಅವರೇ. ಅದರ ಮುಂದಿನದರಲ್ಲೂ ಅವರೇ. ಒಮ್ಮೆ ಗೊತ್ತಾದ ಮೇಲೆ ಮಸುಕು ನನಗೆ ಮಸುಕಾಗಿ ಉಳಿಯಲಿಲ್ಲ. ಚೆಂಡು ಗೋಲಿನ ಬಾಯಲ್ಲಿ, ಅಪ್ಪ ಮೈದಾನದ ನಡುವೆ ಏದುಸಿರು ಬಿಡುತ್ತಿದ್ದಾರೆ. ಬೆನ್ನ ಹಿಂದೆ ಒಬ್ಬ ಇನ್ನೊಬ್ಬನ ಅಂಗಿ ಹಿಡಿದು ಎಳೆಯುತ್ತಿದ್ದಾನೆ, ಅಪ್ಪ ಆಕಾಶ ನೋಡುತ್ತಿದ್ದಾರೆ. ಒಂದೊಂದಕ್ಕೂ ನಗು ಏರುತ್ತಲೇ ಹೋಯಿತು.

'ಈ ಪುಣ್ಯಾತ್ಮನಿಗೆ ಸೀಟಿ ಯಾಕೆ, ಒಂದು ಕುರ್ಚಿ ಕೊಡ್ರಪ್ಪ!' ಅಂದರು ಬೇಕರಿಯವರು.

ಪ್ರೊಜೆಕ್ಟರ್ ಪಕ್ಕ ನಿಂತ ನನ್ನ ಗಂಡನ ಮುಖದಲ್ಲೂ ನಗುವಿತ್ತು. ಅದನ್ನು ಕಂಡದ್ದೇ ನನಗೆ ಮೈಯೆಲ್ಲ ಉರಿಯಿತು. ಮಾವನನ್ನು ಸಭೆಯಲ್ಲಿ ಕೋತಿ ಮಾಡಿ ಕುಣಿಸುತ್ತಿದ್ದಾರಲ್ಲ ಇವರು! ಅದೂ ಫೈನಲ್ ತೀರ್ಮಾನ ಆಗಬೇಕಾದ ದಿನ! ಈಗ ನಿಜ ಹೇಳಿಬಿಡುತ್ತೇನೆ, ಆ ಸಿಟ್ಟಿನಲ್ಲಿ ಅರ್ಧಪಾಲು ನನ್ನ ಮೇಲಿನದೇ. ನಕ್ಕ ಪಾಪವನ್ನು ಯಾರ ತಲೆಗಾದರೂ ಕಟ್ಟಿ ಕೈತೊಳೆದುಕೊಳ್ಳಬೇಕಿತ್ತು. ಗಂಡ ಎದುರಿಗೇ ಸಿಕ್ಕಿದರು.

ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ಎದ್ದು ನಿಂತೆ.

'ನಿಲ್ಸ್ರೀ ಅದನ್ನ!' ಎಂದು ಕೂಗಿದೆ. 'ನಾಚಿಕೆ ಆಗಲ್ವಾ ನಿಮಗೆ? ಅದು ನಮ್ಮಪ್ಪ!'

ನನ್ನ ಗಂಡ ಗುಂಡಿ ಒತ್ತಿದರು. ಚಿತ್ರ ನಿಂತಿತು. ಕೈಯೊಂದನ್ನು ಮೇಲೆತ್ತಿದ ಮಸುಕು ಮುಖದ ಅಪ್ಪ ಬಟ್ಟೆಯ ಮೇಲೆ, ಇಸ್ತ್ರಿ ಅಂಗಿಯ ಅಪ್ಪ ಎರಡನೇ ಸಾಲಿನಲ್ಲಿ. ಯಾರೋ ದೀಪ ಹಾಕಿದರು. ಎಲ್ಲರ ತಲೆಯೂ ಒಮ್ಮೆ ಬಟ್ಟೆಯ ಕಡೆ, ಒಮ್ಮೆ ಅಪ್ಪನ ಕಡೆ ತಿರುಗಿತು. ಬೇಕರಿಯವರ ನಗು ತುಟಿಯ ಮೇಲೇ ಒಣಗಿತು.

'ಅಯ್ಯೋ ಮೇಷ್ಟ್ರೇ, ನೀವಾ? ನಂಗೊತ್ತಿರ್ಲಿಲ್ಲ ಕಣ್ರೀ, ದೇವರಾಣೆ ಗೊತ್ತಿರ್ಲಿಲ್ಲ,' ಅಂದರು.

ಗೊತ್ತಿರಲಿಲ್ಲ. ಆ ಮಾತು ನನ್ನ ತಲೆಯೊಳಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಯಾರಿಗೂ ಗೊತ್ತಿರಲಿಲ್ಲ. ಬಣ್ಣವಿಲ್ಲ, ಮುಖವಿಲ್ಲ, ಎಲ್ಲ ರೆಫರಿಗಳೂ ಹಾಕುವ ಅದೇ ಅಂಗಿ. ಅಪ್ಪ ಹಾಸಿಗೆಯಿಂದ ಏಳುವುದನ್ನು ಆ ಕೋಣೆಯಲ್ಲಿ ನನ್ನ ಹೊರತು ಯಾರು ನೋಡಿದ್ದರು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗಾದೆ ಎಲ್ಲರಿಗೂ ಗೊತ್ತು. ಅಪ್ಪ ತಮ್ಮ ಹೆಗಲು ಮುಟ್ಟಿಕೊಂಡಿರಲಿಲ್ಲ. ನಾನು ಮುಟ್ಟಿ ತೋರಿಸಿದ್ದೆ.

ಅಪ್ಪ ಎದ್ದರು. ಎರಡೂ ಅಂಗೈ ಬಲಮೊಣಕಾಲಿನ ಮೇಲೆ. ಈಗ ಎಲ್ಲರೂ ಅದನ್ನು ನೋಡಿದರು.

'ಹೌದು, ನಾನೇ,' ಅಂದರು. 'ಎಲ್ಲದರಲ್ಲೂ ನಾನೇ. ನಮ್ಮ ಅಳಿಯನದು ಇದರಲ್ಲಿ ಏನೂ ತಪ್ಪಿಲ್ಲ. ಆರಿಸಿ ಕೊಟ್ಟೋನು ನಾನು. ಇವನು ಬೇಡ ಮಾವ ಅಂತಲೇ ಹೇಳ್ತಿದ್ದ.'

'ನೀವೇ ಕೊಟ್ರಾ?' ಅಧ್ಯಕ್ಷರು ಕನ್ನಡಕ ತೆಗೆದರು. 'ಬೇರೆ ರೆಫರಿಗಳದ್ದೂ ಇತ್ತಲ್ಲ?'

'ಇತ್ತು. ಇನ್ನೊಬ್ಬರ ಮನೆ ಮಗುವಿನ ಮೂಗು ಸೋರೋದನ್ನ ನಾನ್ಯಾಕೆ ತೋರಿಸ್ಲಿ? ತಪ್ಪು ತೋರಿಸ್ಬೇಕು ಅಂದ್ರೆ ನಂದೇ ತೋರಿಸ್ಬೇಕು. ಜನ ನೋಡದೇ ಇರೋ ಸಣ್ಣ ಪುಟ್ಟ ಪಂದ್ಯದಲ್ಲಿ ಹುಡುಕಿದ್ವಿ, ಯಾರಿಗೂ ನೆನಪಿರಬಾರದು ಅಂತ. ವಿಷಯ ಅದಲ್ಲ ಡಾಕ್ಟ್ರೇ. ನಾನು ಕೆಟ್ಟ ರೆಫರಿ ಅಲ್ಲ ಅಂತ ನೀವೇ ಹೇಳ್ತಿದ್ರಿ. ಕೆಟ್ಟವನಲ್ಲದ ನನಗೇ ಇಷ್ಟು ತಪ್ಪಿ ಹೋಗಿದೆ. ಅದಕ್ಕೇ ಕನ್ನಡಿ ಬೇಕು ಅಂದಿದ್ದು.'

ಇಷ್ಟು ಹೇಳಿ ಕೂತರು. ನನ್ನ ಕಡೆ ನೋಡಲಿಲ್ಲ. ಹಾಳು ನೆಲ ಬಾಯಿ ಬಿಟ್ಟು ನುಂಗಬಾರದೇ ಎಂದು ಕಥೆಗಳಲ್ಲಿ ಓದಿದ್ದೆ. ನಮ್ಮ ಕಚೇರಿಯ ನೆಲದ ಕೆಳಗೆ ಟೈರ್ ಅಂಗಡಿ. ನುಂಗಿದರೂ ಅಲ್ಲೇ ಯಾರ ಕಣ್ಣಿಗಾದರೂ ಬೀಳುತ್ತಿದ್ದೆ. ಬಿದ್ದ ಕುರ್ಚಿ ಎತ್ತಿಟ್ಟು, ತಲೆ ತಗ್ಗಿಸಿ ಕೂತು, ಪೆನ್ನು ಹಿಡಿದುಕೊಂಡೆ.

ನಿಯಮಕ್ಕೆ ಕೈ ಎತ್ತಿ ಅಂದಾಗ ಬೇಕರಿಯವರ ಕೈಯೇ ಮೊದಲು ಏರಿತು. ಬಹುತೇಕ ಎಲ್ಲರೂ ಎತ್ತಿದರು. ಅಪ್ಪ ಬಯಸಿದ್ದು ಆಯಿತು. ಆದರೆ ಎರಡನೇ ವಿಷಯ ಬಂದಾಗ ಕೋಣೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಒಬ್ಬರು ವಾಚು ನೋಡಿಕೊಂಡರು, ಒಬ್ಬರು ಅಂಗಿಯ ಗುಂಡಿ ತಿರುವಿದರು. ಬೆಳಿಗ್ಗೆಯಿಂದ 'ಮೇಷ್ಟ್ರಿಗೇ ಕೊಡ್ಬೇಕು' ಎನ್ನುತ್ತಿದ್ದ ಬಾಯಿಗಳೇ ಅವು.

ಕೊನೆಗೆ ಬೇಕರಿಯವರೇ ಎದ್ದರು. 'ಮೇಷ್ಟ್ರೇ, ನಿಮ್ಮ ಹೆಸರು ನಾನೇ ಹೇಳ್ಬೇಕು ಅಂತ ಬಂದಿದ್ದೆ. ನಮ್ಮ ಮನೇಲಿ ಕೇಳಿ ಬೇಕಾದ್ರೆ,' ಅಂದರು. ಅವರ ದನಿ ತಗ್ಗಿತ್ತು. 'ಈಗ ಹೇಗೆ ಹೇಳ್ಲಿ? ಇವತ್ತು ಇಲ್ಲಿ ನಡೆದಿದ್ದು ನಾಳೆ ಎಲ್ಲ ಕಡೆ ಹಬ್ಬುತ್ತೆ. ಫೈನಲ್‌ನಲ್ಲಿ ಒಂದು ತೀರ್ಪು ಹೆಚ್ಚುಕಮ್ಮಿ ಆದ್ರೂ ಗ್ಯಾಲರಿ ನಿಮ್ಮನ್ನ ಬಿಡುತ್ತಾ? ಕುರ್ಚಿ ಕೊಡಿ ಅಂತ ನಾನೇ ಅಂದ್ಬಿಟ್ಟೆ. ಅದನ್ನೇ ಕೂಗ್ತಾರೆ.'

'ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು,' ಅಂದರು ಅಧ್ಯಕ್ಷರು. ಹಲ್ಲು ಕೀಳುವ ಮುಂಚೆಯೂ ಅವರು ಇದೇ ದನಿಯಲ್ಲಿ ಹೇಳುತ್ತಿರಬೇಕು.

'ಆಗ್ಲಿ ಬಿಡಿ,' ಅಂದರು ಅಪ್ಪ. ಅಷ್ಟೇ.

ಔಷಧಿ ಅಂಗಡಿ ಇಟ್ಟಿರುವ ಯುವಕನೊಬ್ಬ ರೆಫರಿ ಇದ್ದಾನೆ, ಅಪ್ಪನೇ ತಿದ್ದಿ ಬೆಳೆಸಿದವನು. ಅವನ ಹೆಸರು ಬಂತು. ಅವನು ಕೆಂಪಗಾಗಿ, ಮೇಷ್ಟ್ರೇ ಇರುವಾಗ ನಾನು ಹೇಗೆ ಎಂದು ತಡವರಿಸಿದ. ಅಪ್ಪ ಅವನ ಬೆನ್ನು ತಟ್ಟಿದರು. 'ಎಲ್ಲರೂ ಒಪ್ಪಿದರು' ಎಂದು ನಡಾವಳಿಯಲ್ಲಿ ಬರೆಯಬೇಕಾದವಳು ನಾನು. ಬರೆದೆ. ಅಕ್ಷರ ದುಂಡಗೇ ಬಂತು, ಅದಕ್ಕೂ ನಾಚಿಕೆಯಾಯಿತು.

ಸಭೆ ಮುಗಿದು ಜನ ಇಳಿದುಹೋದರು. ನನ್ನ ಗಂಡ ವೈರ್ ಸುತ್ತುತ್ತಿದ್ದರು. ನಾನು ಹತ್ತಿರ ಹೋಗಿ ನಿಂತೆ.

'ನನಗೊಂದು ಮಾತು ಹೇಳಬಾರದಿತ್ತಾ?' ಅಂದೆ. ತಪ್ಪು ಮಾಡಿದವರ ಬಾಯಲ್ಲಿ ಮೊದಲು ಬರುವುದು ದೂರು.

'ಮಾವ ಬೇಡ ಅಂದ್ರು. ನೀನೂ ಅತ್ತೆನೂ ಬಿಡಲ್ಲ ಅಂತ,' ಅಂದರು. ವೈರ್ ಸುತ್ತುವುದನ್ನು ನಿಲ್ಲಿಸಲಿಲ್ಲ. 'ಮುಖ ಅಳಿಸಿದೆ, ಬಣ್ಣ ಅಳಿಸಿದೆ. ನಮ್ಮನೆಯವಳು ಹಿಡಿದ್ಬಿಡ್ತಾಳೆ ಅಂತ ಹೊಳೀಲಿಲ್ಲ. ಅದು ಹೋಗ್ಲಿ. ಮಾವನ್ನ ನಾನು ನಾಲ್ಕು ಜನರ ಮುಂದೆ ಬೇಕಂತ ಅವಮಾನ ಮಾಡ್ತೀನಿ ಅಂತ ಅಂದ್ಕೊಂಡೆಯಲ್ಲ ನೀನು?'

ಅವರು ಕೂಗಿದ್ದರೆ ನಾನೂ ಕೂಗಬಹುದಿತ್ತು. ಅವರು ಕೂಗಲಿಲ್ಲ. ನಾನು ಕಿಟಕಿ ತೆರೆಯುವ ನೆಪದಲ್ಲಿ ಆ ಕಡೆ ತಿರುಗಿದೆ. ಸಭೆಯಲ್ಲಿ ಅಪ್ಪನ ಮಾನದ ಜೊತೆ ಗಂಡನ ಮಾನವನ್ನೂ ಕಳೆದಿದ್ದೆ, ಅದರ ಲೆಕ್ಕ ನನಗೆ ಆಗಲೇ ಹೊಳೆದದ್ದು. ತಪ್ಪಾಯ್ತು ಎಂದು ಕಿಟಕಿಗೆ ಹೇಳಿದ ಹಾಗೆ ಹೇಳಿದೆ. ಅವರು, 'ಹೋಗು, ಮಾವ ಕೆಳಗೆ ಕಾಯ್ತಿದಾರೆ,' ಅಂದರು.

ಅಪ್ಪನೂ ನಾನೂ ನಡೆದೇ ಮನೆಗೆ ಹೊರಟೆವು. ಇನ್ನೂ ಬೆಳಕಿತ್ತು. ಪಾದಚಾರಿ ದಾರಿಯ ಕಲ್ಲು ಕಿತ್ತುಹೋದಲ್ಲೆಲ್ಲ ಅಪ್ಪ ಬಲಗಾಲನ್ನು ನಿಧಾನಕ್ಕೆ ಇಡುತ್ತಿದ್ದರು. ಕೈ ಹಿಡಿಯಲೇ ಎಂದುಕೊಂಡೆ, ಧೈರ್ಯ ಬರಲಿಲ್ಲ. ಅವರು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ದಾರಿಯಲ್ಲಿ ಗೇರ್ ಬದಲಿಸಲು ಒದ್ದಾಡುತ್ತಿದ್ದ ಒಬ್ಬ ಹೆಂಗಸನ್ನು ಕಂಡು, 'ಕ್ಲಚ್ ಪೂರ್ತಿ ಒತ್ತಮ್ಮ,' ಎಂದು ತಮ್ಮಷ್ಟಕ್ಕೆ ಅಂದುಕೊಂಡರು.

'ಅಪ್ಪ,' ಅಂದೆ. 'ನಾನು ನಕ್ಕೆ.'

'ಕೇಳಿಸ್ತು.'

'ನೀವು ಅಂತ ಗೊತ್ತಿರ್ಲಿಲ್ಲಪ್ಪ.'

'ಗೊತ್ತಾಗಬಾರದು ಅಂತಲೇ ಅಲ್ವೇನೆ ಅಷ್ಟೆಲ್ಲ ಮಾಡಿದ್ದು? ಅದನ್ನ ಎರಡನೇದಾಗಿ ಹಾಕು ಅಂತ ನಾನೇ ಹೇಳಿದ್ದೆ. ನಗಲಿ ಅಂತ. ನಕ್ಕ ಮೇಲೆ ಜನ ಸ್ವಲ್ಪ ಮಾತು ಕೇಳ್ತಾರೆ.' ಕಿತ್ತುಹೋದ ಇನ್ನೊಂದು ಕಲ್ಲನ್ನು ದಾಟಿದರು. 'ನಿನ್ನ ನಗು ಕೇಳಿ ನಂಗೆ ಖುಷಿನೇ ಆಯ್ತು. ಕೆಲಸ ಆಯ್ತು ಅಂದ್ಕೊಂಡೆ.'

ಆಮೇಲಿನದರ ಬಗ್ಗೆ ಅವರು ಏನೂ ಹೇಳಲಿಲ್ಲ. ಸಭೆಯಲ್ಲಿ ಕಂಡ ಅವರ ಸಣ್ಣ ನಗು ನೋವಿನದಲ್ಲ, ನಿಜವಾದ ನಗುವೇ ಆಗಿತ್ತು ಎಂದು ನನಗೆ ಅಲ್ಲಿ, ರಸ್ತೆಯ ಮಧ್ಯೆ ತಿಳಿಯಿತು. ಅಪ್ಪ ಅಷ್ಟು ಸಂತೋಷವಾಗಿದ್ದ ಗಳಿಗೆಯಲ್ಲಿ ನಾನು ಎದ್ದು ನಿಂತಿದ್ದೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂದು ಶಾಲೆಯಲ್ಲಿ ಎಷ್ಟು ಸಲ ಕಾಪಿ ಬರೆದಿದ್ದೆ. ಬರೆದು ಏನು ಬಂತು!

ನಾಳೆಯೇ ಅಧ್ಯಕ್ಷರ ಹತ್ತಿರ ಹೋಗಿ ಮಾತಾಡುತ್ತೇನೆ ಅಂದೆ. ಅಪ್ಪ ನಿಂತರು.

'ಏನೂ ಬೇಡ. ಆ ಹುಡುಗ ಈಗಾಗ್ಲೇ ಮನೆಗೆ ಹೋಗಿ ಹೇಳಿರ್ತಾನೆ. ಅವರಮ್ಮ ಖುಷಿಯಾಗಿರ್ತಾರೆ. ಇನ್ನು ಅವರ ಮನೇಲೂ ಗೋಳು ಹಾಕಿಸ್ಬೇಡ.'

ಅಮ್ಮ ಬಾಗಿಲಲ್ಲೇ ಇದ್ದಳು. ಚಿಕ್ಕಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದವಳು, ನಮ್ಮನ್ನು ಕಂಡು, 'ಬಂದ್ರು, ತಡಿ, ಹೇಳ್ತೀನಿ,' ಎಂದು ಫೋನನ್ನು ಎದೆಗೆ ಒತ್ತಿಕೊಂಡಳು.

'ಸಿಕ್ತಾ?' ಅಂದಳು. ಹಾಗೆ ಕೇಳುವಾಗ ಅಮ್ಮನ ಮುಖ ಚಿಕ್ಕ ಹುಡುಗಿಯದಾಗಿತ್ತು.

ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಅಪ್ಪ ಚಪ್ಪಲಿ ಬಿಡುತ್ತಾ ನನಗಿಂತ ಮೊದಲೇ ಅಂದರು:

'ಕೊಡ್ತೀನಿ ಅಂದ್ರು. ನಾನೇ ಬೇಡ ಅಂದೆ ಕಣೇ. ಈ ಮೊಣಕಾಲು ಇಟ್ಕೊಂಡು ಫೈನಲ್ ಆಡಿಸೋಕಾಗುತ್ತಾ? ನಮ್ಮ ಔಷಧಿ ಅಂಗಡಿ ಹುಡುಗನಿಗೆ ಕೊಡ್ಸಿದೆ.'

ಅಮ್ಮ ಫೋನಿಗೆ 'ಆಮೇಲೆ ಮಾಡ್ತೀನಿ' ಎಂದು ಹೇಳಿ ಇಟ್ಟಳು. ಆಮೇಲೆ ಶುರುವಾಯಿತು. ಊಟದ ತಟ್ಟೆ ಇಡುವಾಗಲೂ ನಿಲ್ಲಲಿಲ್ಲ. ಜೀವಮಾನವೆಲ್ಲ ಇದೇ ಆಯಿತು ಎಂದಳು, ಕೊಡುವವರು ಕೊಡುತ್ತೇನೆ ಎಂದರೂ ತೆಗೆದುಕೊಳ್ಳಲು ಬರುವುದಿಲ್ಲ ಎಂದಳು, ಮೊಣಕಾಲಿಗೆ ಎಣ್ಣೆ ಹಚ್ಚಲು ನಾನಿರಲಿಲ್ಲವೇ ಎಂದಳು, ಅಕ್ಕಪಕ್ಕದವರಿಗೆ ಯಾವ ಮುಖ ತೋರಿಸಲಿ ಎಂದಳು. 'ನಾನು ಒಂದ್ಸಲ, ಒಂದೇ ಒಂದ್ಸಲ ಬರ್ತೀನಿ ಅಂದಿದ್ದೆ. ಅದೂ ನಿಮಗೆ ಬೇಡವಾಯ್ತಾ?' ಎಂದು ಕಣ್ಣು ಒರೆಸಿಕೊಂಡಳು. ಅಪ್ಪ 'ಹೌದು ಮಾರಾಯ್ತಿ, ತಪ್ಪಾಯ್ತು' ಎನ್ನುತ್ತಾ ಉಣ್ಣುತ್ತಿದ್ದರು. ಒಂದು ಮಾತಿಗೂ ಎದುರಾಡಲಿಲ್ಲ. ನಾನು ಬಗ್ಗಿಸಿದ ತಲೆ ಎತ್ತದೆ, ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದೆ. ಈಗ ಹೇಳುತ್ತೇನೆ, ಈ ತುತ್ತಾದ ಮೇಲೆ ಹೇಳುತ್ತೇನೆ ಎಂದುಕೊಳ್ಳುತ್ತಲೇ ಇದ್ದೆ. ಸಭೆಯಲ್ಲಿ ಅಷ್ಟು ದೊಡ್ಡದಾಗಿ ತೆರೆದ ಬಾಯಿ ಇಲ್ಲಿ ತುತ್ತಿಗೂ ತೆರೆಯಲಿಲ್ಲ.

ಅಪ್ಪನನ್ನು ಬೈದು ಬೈದು ಸುಸ್ತಾದ ಮೇಲೆ ಅಮ್ಮ ನನ್ನ ಕಡೆ ತಿರುಗಿದಳು.

'ಇವರಂತೂ ಹೀಗೆ. ನೀನಲ್ಲೇ ಇದ್ದೆಯಲ್ಲೇ, ನೀನಾದ್ರೂ ಎದ್ದು ನಿಂತು ಒಂದು ಮಾತು ಹೇಳಬಾರದಿತ್ತಾ?'

ಅಪ್ಪ ತಲೆ ಎತ್ತಲಿಲ್ಲ.

'ಹೇಳ್ಬೇಕಿತ್ತಮ್ಮ,' ಅಂದೆ.